ಎಷ್ಟು ಸಲ ಬಡಿಯಿತು?

ನನ್ನ ಮೋರಿಸ್ ಮೈನರ್ 1955ರ ಮಾದರಿ. 803 ಸಿಸಿಯ ಎಂಜಿನ್, 30 ಅಶ್ವಶಕ್ತಿ. ಮೈಸೂರಿನಿಂದ ನಂಜನಗೂಡು ತಲುಪುವಷ್ಟರಲ್ಲಿ ನನ್ನ ಹೆಂಡತಿ ಒಂದು ನಿದ್ದೆ ಮುಗಿಸಿರುತ್ತಾಳೆ. ಮಾವನವರಿಂದ ಈ ಕಾರು ನನ್ನ ಕೈಗೆ ಬಂದ ಮೊದಲ ವರ್ಷವೆಲ್ಲ ನಾನು ಒಂದು ಸದ್ದಿನೊಂದಿಗೆ ಜಗಳವಾಡುತ್ತಲೇ ಇದ್ದೆ. ಕೀಲಿ ತಿರುಗಿಸಿದೊಡನೆ ಬಾನೆಟ್ಟಿನ ಒಳಗೆ ಟಕ್, ಟಕ್, ಟಕ್. ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದು ಎಂಜಿನ್ನಿನ ಕಡೆಗೆ ಕಳಿಸುವ ಎಲೆಕ್ಟ್ರಿಕ್ ಪಂಪಿನ ಸದ್ದು ಅದು. ಅದಕ್ಕೂ ಹಿಂದೆ ನಾನು ಓಡಿಸುತ್ತಿದ್ದದ್ದು ಪ್ರೀಮಿಯರ್ ಪದ್ಮಿನಿ. ಅದರ ಪೆಟ್ರೋಲ್ ಪಂಪನ್ನು ಎಂಜಿನ್ನೇ ತಿರುಗಿಸುತ್ತದೆ, ಹಾಗಾಗಿ ಅಲ್ಲೊಂದು ಪಂಪ್ ಇದೆಯೆಂಬುದೇ ಕಿವಿಗೆ ಗೊತ್ತಾಗುವುದಿಲ್ಲ. ಸದ್ದು ಮಾಡುವ ಪಂಪ್ ಎಂದರೆ ಕೆಟ್ಟ ಪಂಪ್ ಎಂದೇ ನಾನು ತಿಳಿದಿದ್ದೆ.

ಮೊದಲು ಪಂಪಿನ ಬೋಲ್ಟುಗಳ ಅಡಿಗೆ ರಬ್ಬರ್ ವಾಷರ್ ಕೊಟ್ಟೆ. ಸದ್ದು ತುಸು ಮೆತ್ತಗಾಯಿತು, ನಿಲ್ಲಲಿಲ್ಲ. ಆಮೇಲೆ ನಾನು ಮಾಡಿದ್ದು ಶುದ್ಧ ಪೆದ್ದುತನ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ, ಚೌಕಾಕಾರದ ಹೊಸ ಎಲೆಕ್ಟ್ರಿಕ್ ಪಂಪೊಂದನ್ನು ತರಿಸಿ, ಡಿಕ್ಕಿಯ ನೆಲದ ತಗಡಿಗೆ ಬಿಗಿದೆ. ತೆಳ್ಳನೆಯ ಅಗಲ ತಗಡಿಗೆ ಮಿಡಿಯುವ ವಸ್ತುವನ್ನು ಬಿಗಿದರೆ ಏನಾಗುತ್ತದೆಂದು ತಬಲಾ ನೋಡಿದ ಯಾರಿಗಾದರೂ ಹೊಳೆಯಬೇಕಿತ್ತು. ಪುಟ್ಟ ಪಂಪಿನ ಗುಂಯ್‌ಗುಡುವಿಕೆ ಹಿಂದಿನ ಸೀಟಿನಿಂದ ಇಡೀ ಕಾರನ್ನು ತುಂಬಿತು. ಸಾಲದ್ದಕ್ಕೆ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿನ ಫ್ಲೋಟ್ ಬಟ್ಟಲಿನಿಂದ ಪೆಟ್ರೋಲ್ ಉಕ್ಕಿ ನೆಲಕ್ಕೆ ತೊಟ್ಟಿಕ್ಕತೊಡಗಿತು, ಪ್ಲಗ್ಗುಗಳು ಮಸಿ ಹಿಡಿದವು. ಗೇಜ್ ಕೂರಿಸಿ ನೋಡಿದರೆ ಒತ್ತಡ 5 ಪಿಎಸ್ಐ. ಕಾರಿನೊಂದಿಗೇ ಕಂಪನಿಯಿಂದ ಬಂದ ಎಸ್‌ಯು ಪಂಪ್ ಕೊಡುವುದು ಸುಮಾರು ಒಂದೂವರೆ. ಅಷ್ಟನ್ನು ತಡೆಯಲೆಂದು ಮಾಡಿದ, ಬಟ್ಟಲಿಗೆ ಪೆಟ್ರೋಲ್ ಬರುವ ದಾರಿ ಮುಚ್ಚುವ ನೀಡಲ್ ವಾಲ್ವನ್ನು ಅದರ ಮೂರು ಪಟ್ಟು ಒತ್ತಡ ತಳ್ಳಿಕೊಂಡು ಒಳನುಗ್ಗುತ್ತಿತ್ತು. ಬಿಸಿ ಎಂಜಿನ್ನಿನ ಮಗ್ಗುಲಲ್ಲಿ ಪೆಟ್ರೋಲ್ ತೊಟ್ಟಿಕ್ಕುವುದನ್ನು ಕಂಡ ದಿನವೇ ಆ ಪಂಪನ್ನು ಬಿಚ್ಚಿಟ್ಟೆ.

ಹಳೆಯ ಪಂಪನ್ನು ಚೀಲದಲ್ಲಿಟ್ಟುಕೊಂಡು ವಯಸ್ಸಾದ ಮೇಸ್ತ್ರಿಯೊಬ್ಬರ ಬಳಿ ಹೋದೆ. ಸಮಸ್ಯೆಯನ್ನೆಲ್ಲ ವಿವರಿಸಿದ ಮೇಲೆ ಅವರು ಕೇಳಿದ್ದು ಒಂದೇ: “ಕೀಲಿ ಹಾಕಿದಾಗ ಎಷ್ಟು ಸಲ ಬಡಿಯಿತು ಸಾರ್?”

ನಾನು ಎಣಿಸಿರಲಿಲ್ಲ. “ಬಡಿಯುತ್ತಲೇ ಇತ್ತು ಮೇಸ್ತ್ರಿ” ಎಂದೆ.

“ಅದನ್ನು ಮೊದಲೇ ಹೇಳಬಾರದೇ? ಬಡಿಯುವುದು ರೋಗವಲ್ಲ. ನಿಲ್ಲದೇ ಇರುವುದು ರೋಗ.”

ಅವರ ಬೆಂಚಿನ ಮೇಲೆ ಪಂಪನ್ನು ಬಿಚ್ಚಿ ನೋಡಿದಾಗ ವಿಷಯ ಸರಳವಾಗಿತ್ತು. ಒಳಗೆ ತಂತಿಯ ಸುರುಳಿಯಿದೆ. ಕರೆಂಟ್ ಹರಿದಾಗ ಅದು ಅಯಸ್ಕಾಂತವಾಗಿ ಡಯಾಫ್ರಾಮನ್ನು, ಅಂದರೆ ಬಾಗುವ ತೆಳು ಪರದೆಯನ್ನು, ಎಳೆದುಕೊಳ್ಳುತ್ತದೆ. ಟ್ಯಾಂಕಿನ ಕಡೆಯಿಂದ ಪೆಟ್ರೋಲ್ ಒಳಕ್ಕೆ ಬರುತ್ತದೆ. ಎಳೆತದ ಕೊನೆಯಲ್ಲಿ ಕಾಂಟ್ಯಾಕ್ಟ್ ಪಾಯಿಂಟುಗಳು ಫಕ್ಕನೆ ಬೇರ್ಪಟ್ಟು ಕರೆಂಟ್ ಕಡಿಯುತ್ತದೆ. ಆಗ ಸ್ಪ್ರಿಂಗ್ ಡಯಾಫ್ರಾಮನ್ನು ವಾಪಸ್ ತಳ್ಳಿ ಪೆಟ್ರೋಲನ್ನು ಕಾರ್ಬುರೇಟರಿಗೆ ಕಳಿಸುತ್ತದೆ. ನಮಗೆ ಕೇಳುವ ಟಕ್ ಈ ಮಗುಚಾಟದ್ದು. ಅಂದರೆ ಕಾರ್ಬುರೇಟರಿನ ಕಡೆಗೆ ತಳ್ಳುವುದು ಕರೆಂಟಲ್ಲ, ಸ್ಪ್ರಿಂಗ್. ಬಟ್ಟಲು ತುಂಬಿ, ಅದರಲ್ಲಿ ತೇಲುವ ಫ್ಲೋಟ್ ಮೇಲೆದ್ದು ನೀಡಲ್ ವಾಲ್ವ್ ಮುಚ್ಚಿದರೆ ಪೆಟ್ರೋಲಿಗೆ ಹೋಗಲು ಜಾಗವಿಲ್ಲ, ಸ್ಪ್ರಿಂಗ್ ಅರ್ಧದಲ್ಲೇ ತಡೆದು ನಿಲ್ಲುತ್ತದೆ, ಸದ್ದೂ ನಿಲ್ಲುತ್ತದೆ. ಪೆಟ್ರೋಲ್ ಎಲ್ಲಿಗೋ ಹೋಗುತ್ತಿದ್ದರೆ ಮಾತ್ರ ಮುಂದಿನ ಟಕ್ ಬರುತ್ತದೆ. ಇಷ್ಟು ತಿಳಿದ ಮೇಲೆ ಉಳಿದದ್ದು ಒಂದೇ ಪ್ರಶ್ನೆ: ಎಲ್ಲಿಗೆ?

ನನ್ನ ಕಾರಿನಲ್ಲಿ ಎರಡು ದೋಷಗಳು ಒಂದರ ಮೇಲೊಂದು ಕುಳಿತಿದ್ದವು. ಪಂಪನ್ನು ಮತ್ತೆ ಕೂರಿಸಿ ಎಂಜಿನ್ ಶುರು ಮಾಡದೆ ಕೀಲಿ ಮಾತ್ರ ಹಾಕಿದಾಗ ಅದು ಮಷೀನಿನಲ್ಲಿ ಬಟ್ಟೆ ಹೊಲಿದಂತೆ ಬಡಿಯುತ್ತಿತ್ತು. ಅಷ್ಟು ವೇಗವೆಂದರೆ ಪಂಪಿಗೆ ಭಾರವೇ ಸಿಗುತ್ತಿಲ್ಲ ಎಂದರ್ಥ: ಒಂದೋ ಟ್ಯಾಂಕ್ ಖಾಲಿ, ಇಲ್ಲವೇ ಅದು ಗಾಳಿ ಕುಡಿಯುತ್ತಿದೆ. ಕಾರ್ಬುರೇಟರಿಗೆ ಹೋಗುವ ಕೊಳವೆಯನ್ನು ಬಿಡಿಸಿ, ತುದಿಯನ್ನು ಪೆಟ್ರೋಲ್ ಇದ್ದ ಗಾಜಿನ ಬಾಟಲಿಯಲ್ಲಿ ಮುಳುಗಿಸಿದೆವು. (ಬಯಲಿನಲ್ಲಿ, ತಣ್ಣಗಿರುವ ಎಂಜಿನ್ನಿನೊಂದಿಗೆ, ಬೀಡಿ ಸೇದುವವರನ್ನು ದೂರ ಕಳಿಸಿ. ನಮ್ಮ ಮೇಸ್ತ್ರಿಯೇ ಹತ್ತು ಹೆಜ್ಜೆ ದೂರ ಹೋಗಿ ಬಂದರು.) ಗುಳ್ಳೆಗಳು ಏಳುತ್ತಲೇ ಇದ್ದವು. ಟ್ಯಾಂಕಿನಿಂದ ಬರುವ ಲೋಹದ ಕೊಳವೆಗೂ ಪಂಪಿಗೂ ನಡುವೆ ಇದ್ದ ಗೇಣುದ್ದದ ರಬ್ಬರ್ ಪೈಪು ಒಳಗಿನಿಂದ ಜಿಗಟಾಗಿ, ಕ್ಲಿಪ್ಪಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಆ ಪೈಪಿನಲ್ಲಿ ಇರುವುದು ಎಳೆತವೇ ಹೊರತು ಒತ್ತಡವಲ್ಲ; ಬಿರುಕಿನಿಂದ ಗಾಳಿ ಒಳಗೆ ಹೋಗುತ್ತದೆ, ಪೆಟ್ರೋಲ್ ಹೊರಗೆ ಬರುವುದಿಲ್ಲ. ನೆಲದ ಮೇಲೆ ಒಂದು ಹನಿಯೂ ಕಾಣದ್ದರಿಂದ ನಾನು ಅದನ್ನು ಮುಟ್ಟಿಯೂ ನೋಡಿರಲಿಲ್ಲ. ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್, ಹಳೆಯ ರಬ್ಬರಿಗೆ ಅದು ಆಗಿಬರುವುದಿಲ್ಲ. ಎಥನಾಲ್ ತಾಳುವ ಪೈಪನ್ನೇ ಕೇಳಿ ತಂದು ಹಾಕಿದೆ.

ಗುಳ್ಳೆ ನಿಂತಿತು. ಆದರೆ ಕೀಲಿ ಹಾಕಿಟ್ಟರೆ ಹತ್ತು ಸೆಕೆಂಡಿಗೊಮ್ಮೆ ಒಂಟಿ ಟಕ್. ನೀಡಲ್ ವಾಲ್ವ್ ಸೋರುತ್ತಿದೆ ಎಂದು ನಾನು ಕಾರ್ಬುರೇಟರಿಗೆ ಕೈ ಹಾಕುವವನಿದ್ದೆ. ಮೇಸ್ತ್ರಿ ತಡೆದು, ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಪೈಪನ್ನು ಇಕ್ಕಳದಲ್ಲಿ ಬಟ್ಟೆ ಸುತ್ತಿ ಅದುಮಿ ಹಿಡಿದರು. ಆ ದಾರಿ ಮುಚ್ಚಿದ ಮೇಲೆ ಸದ್ದು ನಿಂತಿದ್ದರೆ ತಪ್ಪು ನೀಡಲ್ ವಾಲ್ವಿನದು. ನಿಲ್ಲಲಿಲ್ಲ. ಹಾಗಾದರೆ ಪೆಟ್ರೋಲ್ ಪಂಪಿನಿಂದಲೇ ಹಿಂದಕ್ಕೆ, ಟ್ಯಾಂಕಿನ ಕಡೆಗೆ ಜಾರುತ್ತಿದೆ. ಒಳಬರುವ ವಾಲ್ವಿನ ಪುಟ್ಟ ಹಿತ್ತಾಳೆ ಬಿಲ್ಲೆಯ ಕೆಳಗೆ ತುಕ್ಕಿನ ಕಣವೊಂದು ಕುಳಿತಿತ್ತು. ಬಿಲ್ಲೆಯನ್ನು ತೊಳೆದು, ನುಣುಪಾದ ಮುಖ ಕೆಳಗೆ ಬರುವಂತೆ ಇಟ್ಟು ಮುಚ್ಚಿದೆವು. ಒಂದೂವರೆ ಗಂಟೆಯ ಕೆಲಸ. ಅದಕ್ಕಾಗಿ ನಾನು ಒಂದು ವರ್ಷ ಕಳೆದಿದ್ದೆ.

ಬಡಿಯದೇ ಇರುವ ಪಂಪಿನ ಅನುಭವವೂ ಆಗಿದೆ. ಶ್ರೀರಂಗಪಟ್ಟಣದ ಬಳಿ ಕಾರು ಉಸಿರು ಕಟ್ಟಿದಂತೆ ನಿಂತಿತು, ಕೀಲಿ ಹಾಕಿದರೆ ಪೂರ್ತಿ ಮೌನ. ಪಾಯಿಂಟುಗಳು ಸುಟ್ಟು ಕರಕಲಾಗಿದ್ದವು. ಸ್ಪಾನರಿನ ಹಿಡಿಯಿಂದ ಪಂಪಿನ ಮೈಗೆ ಮೆಲ್ಲಗೆ ತಟ್ಟಿದೆ, ಮತ್ತೆ ಬಡಿಯತೊಡಗಿತು, ಮನೆ ಸೇರಿಕೊಂಡೆವು. ಈಗ ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಸ್ವಿಚ್ ಇರುವ ಅದೇ ಮಾದರಿಯ ಪಂಪುಗಳು ಸಿಗುತ್ತವೆ. ಕೊಳ್ಳುವವರು ತಮ್ಮ ಕಾರಿನ ಬಾಡಿಗೆ ಬ್ಯಾಟರಿಯ ಯಾವ ತುದಿ ಸೇರಿದೆ ಎಂದು ನೋಡಿಕೊಳ್ಳಲಿ. ಮೈನರಿನಲ್ಲಿ ಸೇರುವುದು ಪಾಸಿಟಿವ್, ಅದಕ್ಕೆ ತಕ್ಕ ಪಂಪನ್ನೇ ಕೇಳಬೇಕು.

ಘಾಟಿಯ ಸದ್ದು ಮಾತ್ರ ಬೇರೆ. ಚಾಮುಂಡಿ ಬೆಟ್ಟ ಹತ್ತಿ ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದರೆ, ಮತ್ತೆ ಶುರು ಮಾಡುವಾಗ ಪಂಪ್ ಒಮ್ಮೆಲೇ ಓಟ ಕೀಳುತ್ತದೆ. ಕೊಳವೆಯಲ್ಲಿ ಪೆಟ್ರೋಲ್ ಆವಿಯಾಗಿರುತ್ತದೆ, ಅದು ಗಾಳಿ ಕುಡಿದಂತೆಯೇ. ಹಳೆಯ ಟ್ಯಾಕ್ಸಿ ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದದ್ದು ಸುಮ್ಮನೆ ಅಲ್ಲ. ನನ್ನ ಡಿಕ್ಕಿಯಲ್ಲೂ ಒಂದು ಹಳೆಯ ಪಂಚೆಯ ತುಂಡು, ನೀರಿನ ಬಾಟಲಿ ಇರುತ್ತವೆ.

ರಬ್ಬರ್ ವಾಷರುಗಳನ್ನು ತೆಗೆದಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಎರಡು ಸೆಕೆಂಡಿಗೊಂದು ಟಕ್ ಈಗಲೂ ಕೇಳಿಸುತ್ತದೆ. ಬೆಳಿಗ್ಗೆ ಕೀಲಿ ಹಾಕಿ ಎಣಿಸುತ್ತೇನೆ: ಹಿಂದಿನ ದಿನ ಓಡಿಸಿದ್ದರೆ ಎಂಟು, ವಾರ ಬಿಟ್ಟಿದ್ದರೆ ಬಟ್ಟಲಿನ ಪೆಟ್ರೋಲ್ ಆರಿಹೋಗಿ ಇಪ್ಪತ್ತು ದಾಟುತ್ತದೆ. ನಿನ್ನೆ ಓಡಿಸಿದ್ದೆ, ಇಂದು ಹದಿಮೂರು. ಮಧ್ಯಾಹ್ನವೇ ಪೇಟೆಗೆ ಹೋಗಿ ಒಂದು ಅಡಿ ಪೈಪು, ಎರಡು ಕ್ಲಿಪ್ ತಂದಿಟ್ಟಿದ್ದೇನೆ.