ಎಪ್ಪತ್ತು ಜನರ ಮುಂದೆ ‘ಸದಾರಮೆ’: ಮೈಕಿಲ್ಲದೆ ಕಂಪನಿ ನಾಟಕ ಆಡುವ ಬಗೆ

ಕಂಪನಿ ನಾಟಕದ ಹಾಡುಗಳು ಹುಟ್ಟಿದ್ದು ದೊಡ್ಡ ಡೇರೆಗಾಗಿ. ಕೊನೆಯ ಬೆಂಚಿನವರಿಗೂ ಪಲ್ಲವಿ ಮುಟ್ಟಬೇಕು ಎಂಬ ಲೆಕ್ಕದಲ್ಲೇ ಶ್ರುತಿ ಏರಿಸುತ್ತಿದ್ದರು, ಆಲಾಪ ಎಳೆಯುತ್ತಿದ್ದರು, ಕಾಲಲ್ಲಿ ತುಳಿಯುವ ಹಾರ್ಮೋನಿಯಂ ಇಡುತ್ತಿದ್ದರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಅದೇ ಕಂಪನಿಯ ‘ಸದಾರಮೆ’ಯನ್ನು ಒಂದು ಕೋಣೆಯಲ್ಲಿ, ಐದಡಿ ದೂರದಲ್ಲಿ ಕೂತ ಎಪ್ಪತ್ತು ಜನರಿಗೆ ಆಡಲು ಹೊರಟರೆ ಎಲ್ಲ ಲೆಕ್ಕವೂ ತಿರುಗುತ್ತದೆ. ಇಲ್ಲಿ ಮೊದಲು ಗೊತ್ತು ಮಾಡಬೇಕಾದ್ದು ನಟರ ಗಂಟಲು. ಜಾಗ, ದೀಪ, ಬಟ್ಟೆ ಎಲ್ಲವೂ ಆಮೇಲೆ, ಆ ಗಂಟಲಿಗೆ ಹೊಂದಿಕೊಂಡು.

ಹಕ್ಕಿನ ಮಾತು ಮೊದಲೇ ಮುಗಿಸಿಕೊಳ್ಳಿ. ನಮ್ಮ ಕಾಯ್ದೆಯಲ್ಲಿ ಕೃತಿಯ ಹಕ್ಕು ಲೇಖಕರು ತೀರಿಕೊಂಡ ಮೇಲೆ 60 ವರ್ಷ ಉಳಿಯುತ್ತದೆ. ಮಾತಿಗೂ ರಾಗ ಸಂಯೋಜನೆಗೂ ಹಕ್ಕು ಬೇರೆ ಬೇರೆ. ಮಾತು ಹಳೆಯದಾಗಿದ್ದು, ಧಾಟಿಯನ್ನು ಈಚಿನವರು ಕಟ್ಟಿದ್ದರೆ ಆ ಧಾಟಿಗೆ ಒಪ್ಪಿಗೆ ಬೇಕು. ಕೈಯಲ್ಲಿರುವ ಪ್ರತಿ ಯಾರು ಸಿದ್ಧಪಡಿಸಿದ್ದು ಎಂದು ನೋಡಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ದೃಶ್ಯ ಕಡಿತ ಮಾಡುತ್ತೀರಿ ಎಂಬುದನ್ನೂ ಅದರಲ್ಲೇ ಬರೆಸಿ.

ಯಾವ ಹಾಡು ಇರಲಿ, ಯಾವುದು ಹೋಗಲಿ

ರಾತ್ರಿಯಿಡೀ ಆಡುತ್ತಿದ್ದ ನಾಟಕವನ್ನು 110 ನಿಮಿಷಕ್ಕೆ ತರಬೇಕು, ಹಾಡುಗಳ ಎಣಿಕೆಯನ್ನು ಹದಿನಾಲ್ಕು ಹದಿನಾರಕ್ಕೆ ಇಳಿಸಬೇಕು. ಪ್ರತಿಯ ಪಕ್ಕದಲ್ಲಿ ಪ್ರತಿ ಹಾಡು, ಕಂದ, ವೃತ್ತಕ್ಕೂ ಗುರುತು ಹಾಕಿ: ಕಥೆಯನ್ನು ಮುಂದೆ ನಡೆಸುವುದಕ್ಕೆ ‘ಕ’, ಪಾತ್ರದ ಮನಸ್ಸು ತೆರೆಯುವುದಕ್ಕೆ ‘ಮ’, ಹಿಂದೆ ಪರದೆ ಬದಲಿಸಲು ಹೊತ್ತು ಕೊಡುವುದಕ್ಕೆ ‘ಪ’. ಬೀದಿಯ ಚಿತ್ರವಿರುವ ಪರದೆಯ ಮುಂದೆ ನಡೆಯುವ ಹಾಸ್ಯದ ತುಣುಕುಗಳಲ್ಲಿ ಬಹುಪಾಲು ‘ಪ’. ಒಳಗೆ ದರ್ಬಾರ್ ಕಟ್ಟುವ ಸದ್ದು ಮುಚ್ಚಲೆಂದೇ ಅವು ಇದ್ದವು. ನಿಮ್ಮಲ್ಲಿ ಪರದೆಯೇ ಇಲ್ಲವಾದ್ದರಿಂದ ಅವನ್ನು ಮೊದಲು ತೆಗೆಯಿರಿ. ಆದರೆ ಹಾಸ್ಯವನ್ನೆಲ್ಲ ಒಮ್ಮೆಲೇ ಕಿತ್ತುಹಾಕಬೇಡಿ. ನಗು ಬಾರದ ‘ಸದಾರಮೆ’ಯಲ್ಲಿ ಕಳ್ಳ ಬಂದಾಗ ಹುಟ್ಟಬೇಕಾದ ಭಯವೂ ಹುಟ್ಟುವುದಿಲ್ಲ.

ಉಳಿದ ಹಾಡಿನಲ್ಲಿ ಚರಣಗಳನ್ನು ಮುಟ್ಟುವ ಮೊದಲು ಮರುಕಳಿಕೆಗಳನ್ನು ಕಡಿಮೆ ಮಾಡಿ. ಪಲ್ಲವಿ ನಾಲ್ಕು ಸಲ ಬರುವಲ್ಲಿ ಎರಡು ಸಾಕು. ಆಲಾಪ 20 ಸೆಕೆಂಡು ದಾಟಬಾರದು. ಹತ್ತಿರದಿಂದ ನೋಡುವವರಿಗೆ ಅದಕ್ಕಿಂತ ಹೆಚ್ಚಾದರೆ ಪಾತ್ರ ಮರೆಯಾಗಿ ಗಾಯಕ ಮಾತ್ರ ಕಾಣುತ್ತಾನೆ.

ಧಾಟಿ ಕಲಿಯಲು ಹಳೆಯ ಗ್ರಾಮಫೋನ್ ತಟ್ಟೆಗಳ ದನಿ ಹಿಡಿಯುವವರಿಗೆ ಒಂದು ಎಚ್ಚರಿಕೆ. ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದುದೇ ಸುಮಾರು 3 ನಿಮಿಷ. ಅದಕ್ಕೆಂದೇ ಹಾಡನ್ನು ಕತ್ತರಿಸಿ, ಓಡಿಸಿ ಹಾಡಿರುತ್ತಾರೆ. ತಟ್ಟೆ ತಿರುಗುವ ವೇಗ ಸ್ವಲ್ಪ ಹೆಚ್ಚಾದರೂ ಶ್ರುತಿ ಏರುತ್ತದೆ. ಅಲ್ಲಿಂದ ಸಂಗತಿ, ಅಂದರೆ ಒಂದೇ ಸಾಲನ್ನು ಬಗೆಬಗೆಯಾಗಿ ತಿರುವುವ ರೀತಿ, ಕಲಿಯಿರಿ. ಲಯವನ್ನೂ ಶ್ರುತಿಯನ್ನೂ ನಿಮ್ಮ ನಟರನ್ನು ಕೇಳಿ ಗೊತ್ತು ಮಾಡಿ.

ಶ್ರುತಿ

ಹೆಚ್ಚಿನ ತಂಡಗಳು ಎಡವುವುದು ಇಲ್ಲೇ. ಹಾರ್ಮೋನಿಯಂ ಮೇಷ್ಟ್ರು ತಮಗೆ ರೂಢಿಯಾದ ಒಂದು ಮನೆ (ಪೆಟ್ಟಿಗೆಯಲ್ಲಿ ಬೆರಳೊತ್ತುವ ಪಟ್ಟಿ) ಹಿಡಿದು ಇಡೀ ನಾಟಕ ನುಡಿಸಿಬಿಡುತ್ತಾರೆ, ನಟರು ಕೂಗುತ್ತಾರೆ. ಡೇರೆಯಲ್ಲಿ ಕೂಗು ಬೇಕಿತ್ತು. ಕೋಣೆಯಲ್ಲಿ ಅದು ಕಿವಿಗೆ ಚುಚ್ಚುತ್ತದೆ, ಮಾತಿನ ದನಿಗೂ ಹಾಡಿನ ದನಿಗೂ ನಡುವೆ ಗೋಡೆ ಎದ್ದಂತಾಗುತ್ತದೆ. ಪ್ರತಿ ನಟರನ್ನೂ ಕೂರಿಸಿ, ಅವರು ಸಹಜವಾಗಿ ಸಂಭಾಷಣೆ ಹೇಳುವ ಎತ್ತರ ಪೆಟ್ಟಿಗೆಯ ಯಾವ ಮನೆಗೆ ಕೂರುತ್ತದೆ ಎಂದು ಹುಡುಕಿ. ಹಾಡಿನ ಷಡ್ಜ, ಅಂದರೆ ಆಧಾರ ಸ್ವರ ‘ಸ’, ಅದರ ಆಸುಪಾಸಿನಲ್ಲೇ ಇರಲಿ. ಗಂಡಸರಿಗೆ ಸಾಮಾನ್ಯವಾಗಿ 1 ಅಥವಾ 1½ ಮನೆ, ಹೆಂಗಸರಿಗೆ 5 ಅಥವಾ 5½ ಬರುತ್ತದೆ. (ಇಲ್ಲಿ ಪೂರ್ಣ ಸಂಖ್ಯೆ ಬಿಳಿ ಮನೆ, ಅರ್ಧ ಸೇರಿದ್ದು ಕರಿ ಮನೆ.)

ಹಾಗಾದರೆ ರಾಜಕುಮಾರ ಮತ್ತು ಸದಾರಮೆಯ ಯುಗಳ ಗೀತೆಗೆ ಏನು ಮಾಡುವುದು? ನಡುವಿನ ಯಾವುದೋ ಮನೆ ಹಿಡಿದರೆ ಇಬ್ಬರಿಗೂ ಕಷ್ಟ. ಅವನು 1½, ಅವಳು 5½ ಆಗಿದ್ದರೆ ದಾರಿ ಸುಲಭ, ಏಕೆಂದರೆ ಅವನ ಪಂಚಮವೇ (ಷಡ್ಜದಿಂದ ಐದನೆಯ ಸ್ವರ) ಅವಳ ಷಡ್ಜ. ಅವನು ತನ್ನ ಚರಣ ಮುಗಿಸಿ ಪಂಚಮದ ಮೇಲೆ ನಿಲ್ಲಲಿ. ಪೆಟ್ಟಿಗೆ ಅದೇ ಸ್ವರ ಹಿಡಿದಿರಲಿ. ತಬಲಾ ನಾಲ್ಕು ಮಾತ್ರೆ ಒಂಟಿಯಾಗಿ ನಡೆಯಲಿ. ಅವಳು ಅದನ್ನೇ ಷಡ್ಜ ಮಾಡಿಕೊಂಡು ಎತ್ತಿಕೊಳ್ಳಲಿ. ತಬಲಾದ ಬಲಗೈ ಬದಿಯ ಶ್ರುತಿಯನ್ನು 5½ಕ್ಕೆ ಕೂಡಿಸಿದರೆ ಇಬ್ಬರಿಗೂ ಒಪ್ಪುತ್ತದೆ. ಕಷ್ಟ ಬೀಳುವುದು ಪೆಟ್ಟಿಗೆಯವರ ಬೆರಳಿಗೆ: ಒಂದೇ ರಾಗವನ್ನು ಎರಡು ಷಡ್ಜದಿಂದ, ಒಂದರಿಂದ ಇನ್ನೊಂದಕ್ಕೆ ತಡವರಿಸದೆ ನುಡಿಸಬೇಕು. ಈ ತಿರುವಿಗೇ ಅವರಿಗೆ ಒಂದು ವಾರ ಬಿಟ್ಟುಕೊಡಿ.

ಪೆಟ್ಟಿಗೆ ಮತ್ತು ತಬಲಾ

ಎರಡೇ ವಾದ್ಯ ಸಾಕು. ಕಾಲು ಹಾರ್ಮೋನಿಯಂ ಬೇಡ, ಅದರ ದನಿ ಈ ಕೋಣೆಯನ್ನು ನುಂಗುತ್ತದೆ. ಆದರೆ ಅದರಲ್ಲಿ ಪಳಗಿದವರಿಗೆ ಎರಡೂ ಕೈ ಸ್ವರದ ಮೇಲಿಟ್ಟು ರೂಢಿ. ಕೈಪೆಟ್ಟಿಗೆಯಲ್ಲಿ ಒಂದು ಕೈ ತಿದಿಗೆ ಹೋಗುವುದರಿಂದ ಅವರು ನುಡಿಸುವ ತುಂಬುದನಿ ಅರ್ಧವಾಗುತ್ತದೆ. ಅದನ್ನು ಕೊರತೆ ಎಂದುಕೊಳ್ಳದೆ, ಬಿಟ್ಟುಬಿಟ್ಟು ನುಡಿಸುವ ಕಡೆ ತಿರುಗಿಸಿ. ಎರಡು ಸಾಲು ರೀಡಿನ ಪೆಟ್ಟಿಗೆಯಾದರೆ ಒಂದೇ ಸಾಲು ತೆರೆಯಿರಿ, ಜೋಡಿಸ್ವರದ ಕೀಲಿ ಮುಚ್ಚಿ, ಮೇಲೆ ಮಡಿಸಿದ ಪಂಚೆ ಹಾಸಿ. ಇಷ್ಟಾದರೂ ಕೊನೆಯ ಸಾಲಿನವರಿಗೆ ಸಾಹಿತ್ಯ ಕೇಳದಿದ್ದರೆ ಹಾಡುವಾಗ ಪೆಟ್ಟಿಗೆ ಷಡ್ಜ ಮಾತ್ರ ಹಿಡಿಯಲಿ, ಸ್ವರಗಳು ಸಾಲುಗಳ ನಡುವೆ ಬರಲಿ.

ತಬಲಾದ ಚರ್ಮ ಹವೆಗೆ ಬದಲಾಗುತ್ತದೆ. ಮಳೆಗಾಲದಲ್ಲಿ ಇಳಿಯುತ್ತದೆ, ಎಪ್ಪತ್ತು ಜನರ ಉಸಿರಿಗೆ ಇನ್ನಷ್ಟು. ಒಂದು ಗಂಟೆ ಮೊದಲೇ ಕೋಣೆಗೆ ತಂದಿಟ್ಟು, ಜನ ಕೂತ ಮೇಲೆ ಇನ್ನೊಮ್ಮೆ ಕೂಡಿಸಿ. ನಾಂದಿಗೆ ಮುಂಚಿನ ಈ ಸುತ್ತಿಗೆಯ ಸದ್ದು ಜನರಿಗೆ ಹಿತವೇ.

ಮಾತಿನಿಂದ ಹಾಡಿಗೆ ಹೋಗುವ ಜಾಗವನ್ನು ಬಿಡಿಬಿಡಿಯಾಗಿ ತಾಲೀಮು ಮಾಡಿ. ಕಂಪನಿಯಲ್ಲಿ ಪೆಟ್ಟಿಗೆ ಒಂದು ಆವರ್ತ (ತಾಳದ ಒಂದು ಸುತ್ತು) ಮುನ್ನುಡಿ ನುಡಿಸುತ್ತಿತ್ತು, ನಟ ಅಷ್ಟರಲ್ಲಿ ಮುಂದೆ ಬಂದು ನಿಲ್ಲುತ್ತಿದ್ದ. ಕೋಣೆಯಲ್ಲಿ ಆ ಹೊತ್ತು ಖಾಲಿಯಾಗಿ ಕಾಣುತ್ತದೆ. ಹಾಡಿಗೆ ಮುಂಚಿನ ಕೊನೆಯ ವಾಕ್ಯದ ಕೆಳಗೇ ಷಡ್ಜ ಮೆಲ್ಲಗೆ ಹುಟ್ಟಲಿ, ವಾಕ್ಯ ಮುಗಿದ ಉಸಿರಿನಲ್ಲೇ ಪಲ್ಲವಿ ಬರಲಿ.

ಕೋಣೆ

30 ಅಡಿಗೆ 40 ಅಡಿ ಕೋಣೆ ಸಾಕು. ಆಡುವ ಜಾಗ 16 ಅಡಿಗೆ 18. ಮೂರು ಕಡೆ ಜನ: ಮೊದಲ ಸಾಲು ಜಮಖಾನೆಯ ಮೇಲೆ, ಎರಡನೆಯದು ಕುರ್ಚಿ, ಮೂರನೆಯದು ಒಂದಡಿ ಎತ್ತರದ ಅಟ್ಟಣೆಯ ಮೇಲೆ ಕುರ್ಚಿ. ನಾಲ್ಕನೆಯ ಬದಿಯ ಮೂಲೆಯಲ್ಲಿ ಮೇಳ, ಅಂದರೆ ಪೆಟ್ಟಿಗೆ ಮತ್ತು ತಬಲಾದವರು, ಎಲ್ಲರಿಗೂ ಕಾಣುವಂತೆ ಕೂರಲಿ. ಮೂರು ಕಡೆಗೂ ತಿರುಗಿ ಆಡುವಾಗ ನಟನ ಬೆನ್ನು ಮೇಳದತ್ತ ಇರುವುದೇ ಹೆಚ್ಚು, ಕಣ್ಸನ್ನೆ ನಡೆಯದು. ಹಾಡು ಎತ್ತಿಕೊಳ್ಳುವ ಮುಂಚಿನ ಉಸಿರನ್ನು ಭುಜ ಏಳುವಂತೆ ತೆಗೆದುಕೊಳ್ಳಲು ಹೇಳಿ. ತಬಲಾದವರು ಆ ಭುಜ ನೋಡುತ್ತಿರಲಿ.

ಚಪ್ಪಾಳೆ ತಟ್ಟಿ ನೋಡಿ. ದನಿ ಗುಂಯ್‌ಗುಟ್ಟಿದರೆ ಮೇಳದ ಎದುರಿನ ಗೋಡೆಗೆ ದಪ್ಪ ಜಮಖಾನೆ ಇಳಿಬಿಡಿ. ಫ್ಯಾನುಗಳನ್ನು ನಾಟಕದ ಹೊತ್ತಿನಲ್ಲಿ ಆರಿಸಲೇಬೇಕು. ಅದಕ್ಕಾಗಿ ಜನ ಬರುವ ಮೊದಲು ಅರ್ಧ ಗಂಟೆ, 55ನೇ ನಿಮಿಷದ ವಿರಾಮದಲ್ಲಿ ಹತ್ತು ನಿಮಿಷ ಜೋರಾಗಿ ಓಡಿಸಿ.

ದೀಪ ಆರು ಸಾಕು. ತಲಾ 500 ವಾಟಿನ ಹಳೆಯ ಲೈಟುಗಳಾದರೆ ಒಟ್ಟು 3,000 ವಾಟ್. 15 ಆಂಪಿಯರಿನ ಒಂದೇ ಸಾಕೆಟ್ಟಿನ ಮೇಲೆ ಹೇರಬೇಡಿ, ಎರಡು ಬೇರೆ ಲೈನಿಗೆ ಹಂಚಿ. ಅಗ್ಗದ ಎಲ್‌ಇಡಿ ಲೈಟುಗಳ ಒಳಗೆ ಸಣ್ಣ ಫ್ಯಾನ್ ಇರುತ್ತದೆ. ಡೇರೆಯಲ್ಲಿ ಗೊತ್ತೇ ಆಗದ ಅದರ ಸದ್ದು ಇಲ್ಲಿ ಷಡ್ಜದ ಜೊತೆ ಜಗಳಕ್ಕೆ ನಿಲ್ಲುತ್ತದೆ. ಬಾಡಿಗೆಗೆ ತರುವ ಮುಂಚೆ ಹೊತ್ತಿಸಿ ಕಿವಿ ಇಟ್ಟು ಕೇಳಿ.

ಬಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಖಮಲ್ಲಿನ ಅಂಗಿ, ಮಿಂಚಿನ ಕಿರೀಟ ಐದಡಿಯಿಂದ ಹುಸಿ ಕಾಣುತ್ತವೆ. ಹತ್ತಿ ಸೀರೆ, ಒಂದು ಪೇಟ ಸಾಕು. ಗಾಜಿನ ಬಳೆ ಬೇಡ, ಮೆಲುದನಿಯ ಮಾತನ್ನೆಲ್ಲ ಅದು ತಿನ್ನುತ್ತದೆ.

ಕಳ್ಳ

ಗುಬ್ಬಿ ವೀರಣ್ಣನವರಿಗೆ ಹೆಸರು ತಂದ ಪಾತ್ರ ಇದು. ಕಾಡಿನ ಪರದೆಯ ಬದಲು ಇಲ್ಲಿ ಒಂದು ಕರಿಕಂಬಳಿ ಇರಲಿ. ಹೊದ್ದರೆ ಕತ್ತಲು, ಹಾಸಿದರೆ ಕಾಡಿನ ನೆಲ, ಗಂಟು ಕಟ್ಟಿದರೆ ಕದ್ದ ಮಾಲು.

ಪ್ರವೇಶ ಜನರ ಬೆನ್ನ ಹಿಂದಿನ ಬಾಗಿಲಿಂದ. ಐದು ದೀಪ ಆರಿ ಒಂದೇ ಉಳಿದಿರುವಾಗ ಮೊದಲು ಗುನುಗು ಕೇಳಬೇಕು, ಆಮೇಲೆ ಸಾಲುಗಳ ನಡುವೆ ಆಳು ಕಾಣಬೇಕು. ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಒಂದು, 25 ಅಡಿ ದೂರದಿಂದ ಅವನಿಗೆ ಪೆಟ್ಟಿಗೆ ಸರಿಯಾಗಿ ಕೇಳದೆ ಶ್ರುತಿ ಜಾರುವುದು. ಇನ್ನೊಂದು, ನಡೆಯುವ ಹೆಜ್ಜೆಗೂ ತಬಲಾಕ್ಕೂ ತಾಳ ತಪ್ಪುವುದು. ಅದಕ್ಕೆ, ಅವನು ಬಾಗಿಲ ಹೊರಗಿರುವಾಗಲೇ ಹಿಂದಿನ ದೃಶ್ಯದ ಕೊನೆಗೆ ಪೆಟ್ಟಿಗೆ ಅವನ ಷಡ್ಜವನ್ನು ಒಮ್ಮೆ ಉದ್ದಕ್ಕೆ ಹಿಡಿಯಲಿ. ಸಾಲುಗಳ ನಡುವೆ ಬರುವಷ್ಟು ಹೊತ್ತು ತಾಳವಿಲ್ಲದೆ ಹಾಡಲಿ. ಅವನ ಕಾಲು ರಂಗದ ಅಂಚು ಮುಟ್ಟಿದ ಕ್ಷಣಕ್ಕೆ ತಬಲಾದ ಮೊದಲ ಪೆಟ್ಟು ಬೀಳಲಿ. ಸದಾರಮೆ ಆಗ ಹಾಡಬಾರದು, ತಿರುಗಿಯೂ ನೋಡಬಾರದು. ಅವಳ ಕೈಬೆರಳು ಸೆರಗಿನ ತುದಿ ಹಿಡಿಯುವುದು ಈ ದೂರದಿಂದ ಎಲ್ಲರಿಗೂ ಕಾಣುತ್ತದೆ.

ತಾಲೀಮು

ಆರು ವಾರ, ಏಳು ನಟರು. ಮೊದಲ ಹತ್ತು ದಿನ ಯಾರೂ ಎದ್ದು ನಿಲ್ಲುವುದು ಬೇಡ, ಕೂತು ಹಾಡುವುದಷ್ಟೇ. ಮುಂದಿನ ಎರಡು ವಾರ ಮಾತು ಮತ್ತು ನಡೆ. ಹಾಡು ಬಂದಲ್ಲಿ ಸಾಹಿತ್ಯವನ್ನು ಮಾತಿನಂತೆ ಹೇಳಿಸಿ. ಅರ್ಥ ತಿಳಿಯದೆ ಹಾಡುತ್ತಿದ್ದ ಸಾಲುಗಳೆಲ್ಲ ಅಲ್ಲಿ ಸಿಕ್ಕಿಬೀಳುತ್ತವೆ. ನಾಲ್ಕನೆಯ ವಾರದ ನಡುವಿನಿಂದ ಎರಡನ್ನೂ ಕೂಡಿಸಿ. ಕೊನೆಯ ವಾರ ದಿನಕ್ಕೊಂದು ಪೂರ್ತಿ ಓಟ, ಅದರಲ್ಲಿ ಎರಡಕ್ಕಾದರೂ ಮೂವತ್ತು ಜನರನ್ನು ಕರೆದು ಕೂರಿಸಿ, ಏಕೆಂದರೆ ಖಾಲಿ ಕೋಣೆಯ ದನಿ ಬೇರೆ, ಜನ ತುಂಬಿದ ಕೋಣೆಯ ದನಿ ಬೇರೆ.

‘ಒನ್ಸ್ ಮೋರ್’ ಕೂಗು ಖಂಡಿತ ಬರುತ್ತದೆ. ಯಾವ ಹಾಡಿಗೆ ಒಪ್ಪುವುದು ಎಂದು ಮುಂಚೆಯೇ ತೀರ್ಮಾನಿಸಿ. ಕಳ್ಳನ ಹಾಡೊಂದಕ್ಕೆ ಒಪ್ಪಿದರೆ ಸಾಕು, ಅದೂ ಪಲ್ಲವಿ ಮತ್ತು ಕೊನೆಯ ಚರಣ ಮಾತ್ರ. ದೀಪ ಇದ್ದಂತೆಯೇ ಇರಲಿ, ಸದಾರಮೆ ಕೂತಲ್ಲೇ ಕೂತಿರಲಿ. ಕಳ್ಳ ಕಂಬಳಿಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡರೆ ಅದೇ ಮೇಳಕ್ಕೆ ಸನ್ನೆ.