‘ಡೆಬ್ಯೂ’ ಹಾಡುಗಳಿಗೆ ಅಂಕ ಹಾಕಿಸಿದ ನನ್ನ ಅನುಭವ

ಐಸ್‌ಲ್ಯಾಂಡಿನ ಗಾಯಕಿ ಬ್ಯೋರ್ಕ್ ಅವರ ‘ಡೆಬ್ಯೂ’ ಆಲ್ಬಂನ ಹಾಡುಗಳಿಗೆ ಅಭಿಮಾನಿಗಳಿಂದ ಅಂಕ ಪಡೆದು, ಸರಾಸರಿಯಲ್ಲಿ ಕೊನೆಗೆ ನಿಂತ ಹಾಡಿನಿಂದ ಆರಂಭಿಸಿ ಒಂದೊಂದನ್ನೇ ಕೈಬಿಡುತ್ತ ಮೇಲಕ್ಕೆ ಸಾಗುವ ಸುತ್ತೊಂದನ್ನು ನಾನು ನಡೆಸಿದೆ. ಪ್ರತಿ ಹಾಡಿಗೆ 1ರಿಂದ 10ರವರೆಗೆ ಅಂಕ ಕೊಡಬಹುದಿತ್ತು; ಅರ್ಧ ಅಂಕಕ್ಕೂ ಅವಕಾಶವಿತ್ತು. ಪ್ರಾಣಕ್ಕಿಂತ ಹೆಚ್ಚೆನಿಸಿದ ಒಂದೇ ಒಂದು ಹಾಡಿಗೆ 11, ಸಹಿಸಲಾಗದ ಒಂದೇ ಒಂದಕ್ಕೆ 0 ಕೊಡಬಹುದಿತ್ತು. ಎಲ್ಲ ಹಾಡುಗಳಿಗೂ ಅಂಕ ಕೊಡದವರ ಪಟ್ಟಿಯನ್ನು ನಾನು ಲೆಕ್ಕಕ್ಕೆ ಸೇರಿಸಲಿಲ್ಲ. ಇಷ್ಟವಾದ ಹಾಡುಗಳಿಗಷ್ಟೇ ಅಂಕ ಕೊಟ್ಟವರು ಸೇರಿಕೊಂಡರೆ ಹೆಚ್ಚು ಜನ ಕೇಳದ ಹಾಡಿನ ಸರಾಸರಿ ವಿನಾಕಾರಣ ಏರಿಬಿಡುತ್ತದೆ.

ಅಂಕ ಬರುವ ಮೊದಲೇ ಚರ್ಚೆ ಶುರುವಾಯಿತು. ‘ಡೆಬ್ಯೂ’ ಅಂದರೆ ಚೊಚ್ಚಲ ಪ್ರವೇಶ; 1993ರ ಈ ಆಲ್ಬಂ ನಿಜಕ್ಕೂ ಚೊಚ್ಚಲ ಆಲ್ಬಮ್ಮೇ ಎಂದು ಕೆಲವರು ಕೇಳಿದರು. ಬ್ಯೋರ್ಕ್ ಬಾಲಕಿಯಾಗಿದ್ದಾಗ, 1977ರಲ್ಲಿಯೇ, ಅವರ ಹೆಸರಿನಲ್ಲೊಂದು ಆಲ್ಬಂ ಬಂದಿತ್ತು. ಆಮೇಲೆ ಶುಗರ್‌ಕ್ಯೂಬ್ಸ್ ಎಂಬ ತಂಡದಲ್ಲಿ ಹಾಡಿದ ವರ್ಷಗಳು, 1990ರಲ್ಲಿ ಜಾಝ್ ತ್ರಯವೊಂದರ ಜೊತೆ ಹಾಡಿದ ಆಲ್ಬಂ. ವಾದ ಸರಿಯೇ ಆದರೂ, ಅವರು ತಾವೇ ಇಟ್ಟ ಹೆಸರಿನ ಮೇಲೆ ಕೇಳುಗರು ತೀರ್ಪು ಕೊಡುವುದರಲ್ಲಿ ಅರ್ಥವಿಲ್ಲವೆಂದು ನಾನು ಅದನ್ನು ಅಲ್ಲಿಗೇ ನಿಲ್ಲಿಸಿದೆ.

ಯಾವ ಹಾಡಿನ ಯಾವ ರೂಪಕ್ಕೆ ಅಂಕ ಎಂಬ ಪ್ರಶ್ನೆಯನ್ನು ಮಾತ್ರ ಹಾಗೆ ತಳ್ಳಿಹಾಕುವಂತಿರಲಿಲ್ಲ. ‘ಬಿಗ್ ಟೈಮ್ ಸೆನ್ಸುಯಾಲಿಟಿ’ ಎಂದೊಡನೆ ಅನೇಕರಿಗೆ ನೆನಪಾಗುವುದು ನ್ಯೂಯಾರ್ಕಿನ ಬೀದಿಗಳಲ್ಲಿ ಸಾಗುವ ಲಾರಿಯ ಮೇಲೆ ಬ್ಯೋರ್ಕ್ ಕುಣಿಯುವ ಕಪ್ಪು-ಬಿಳುಪು ವಿಡಿಯೊ. ಅದರಲ್ಲಿ ಕೇಳುವುದು ಫ್ಲೂಕ್ ಎಂಬ ತಂಡ ಹೊಸದಾಗಿ ಜೋಡಿಸಿದ ರೀಮಿಕ್ಸ್ ರೂಪ. ಆಲ್ಬಂನಲ್ಲಿರುವ ರೂಪ ಬೇರೆ. ಒಬ್ಬರು ಇದಕ್ಕೆ, ಇನ್ನೊಬ್ಬರು ಅದಕ್ಕೆ ಅಂಕ ಕೊಟ್ಟರೆ ಬರುವ ಸರಾಸರಿ ಎರಡಕ್ಕೂ ಸಲ್ಲುವುದಿಲ್ಲ. ಆದ್ದರಿಂದ ಆಲ್ಬಂ ರೂಪಕ್ಕೆ ಮಾತ್ರ ಅಂಕ ಎಂದು ಹೇಳಿ, ಪ್ರತಿ ಹಾಡನ್ನೂ ಅಂಕ ಹಾಕುವ ಮುನ್ನ ಮತ್ತೊಮ್ಮೆ ಪೂರ್ತಿಯಾಗಿ ಕೇಳಬೇಕೆಂದು ಕೋರಿದೆ. ‘ಪ್ಲೇ ಡೆಡ್’ ಹಾಡಿನ ಕತೆ ಇನ್ನೊಂದು. ಸಂಗೀತ ಸಂಯೋಜಕ ಡೇವಿಡ್ ಅರ್ನಾಲ್ಡ್ ಜೊತೆಗೂಡಿ ಸಿನಿಮಾವೊಂದಕ್ಕೆಂದು ಮಾಡಿದ ಆ ಹಾಡು ಆಲ್ಬಂನ ನಂತರದ ಮುದ್ರಣಗಳಲ್ಲಿ ಸೇರಿಕೊಂಡಿತು. ಅದನ್ನು ಹೊರಗಿಟ್ಟರೆ ಅರ್ಧ ಜನಕ್ಕೆ ಸಿಟ್ಟು, ಒಳಗಿಟ್ಟರೆ ಉಳಿದರ್ಧ ಜನಕ್ಕೆ ಸಿಟ್ಟು. ಮೂಲದ 11 ಹಾಡುಗಳ ಪಟ್ಟಿಗೆ ಅದನ್ನು ಬೆರೆಸದೆ ಪ್ರತ್ಯೇಕವಾಗಿ ಅಂಕ ಪಡೆದೆ.

ಅಂಕಗಳು ಬರತೊಡಗಿದಾಗ ನಾನು ಸರಾಸರಿಗಿಂತ ಹೆಚ್ಚಾಗಿ ನೋಡಿದ್ದು ಅಂಕಗಳು ಎಷ್ಟು ಚದುರಿವೆ ಎಂಬುದನ್ನು. ಎಲ್ಲರೂ 6.5 ಕೊಟ್ಟ ಹಾಡಿಗೂ, ಅರ್ಧ ಜನ 3, ಉಳಿದವರು 10 ಕೊಟ್ಟ ಹಾಡಿಗೂ ಸರಾಸರಿ ಒಂದೇ. ಮೊದಲನೆಯದರ ಬಗ್ಗೆ ಯಾರೂ ಎರಡು ಸಾಲು ಬರೆಯುವುದಿಲ್ಲ. ಎರಡನೆಯದಕ್ಕೆ ಪುಟಗಟ್ಟಲೆ ವಾದ ಬರುತ್ತದೆ. ಪ್ರಯೋಗಶೀಲ ಪಾಪ್ ಸಂಗೀತದಲ್ಲಿ ಆ ಎರಡನೆಯ ಬಗೆಯ ಹಾಡೇ ಹೆಚ್ಚು ಚರ್ಚೆ ಬೇಡುತ್ತದೆ ಎಂಬುದು ನನ್ನ ಎಣಿಕೆ.

‘ದೇರ್ಸ್ ಮೋರ್ ಟು ಲೈಫ್ ದ್ಯಾನ್ ದಿಸ್’ ಅಂಥದೊಂದು. ಮಿಲ್ಕ್ ಬಾರ್ ಎಂಬ ಕ್ಲಬ್ಬಿನ ಶೌಚಾಲಯದಲ್ಲಿ ಮುದ್ರಿಸಿದ್ದು ಎಂದು ಅದರ ಹೆಸರಿನ ಜೊತೆಗೇ ಬರೆದಿದೆ. ಹಾಡಿನ ನಡುವೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಕುಣಿತದ ತಾಳ ಗೋಡೆಯಾಚೆಗೆ ಹೋದಂತೆ ಮಂಕಾಗುತ್ತದೆ. ಬ್ಯೋರ್ಕ್ ಅವರ ಧ್ವನಿ ಮಾತ್ರ ಕಿವಿಯ ಪಕ್ಕದಲ್ಲೇ ಉಳಿಯುತ್ತದೆ. ಬಾಗಿಲು ತೆರೆದಾಗ ಸದ್ದೆಲ್ಲ ಒಮ್ಮೆಲೇ ಮರಳುತ್ತದೆ. 0 ಕೊಟ್ಟವರೊಬ್ಬರು ಇದನ್ನು ಬರೀ ಗಿಮಿಕ್ ಎಂದರು. 11 ಕೊಟ್ಟವರೊಬ್ಬರು ಪಾರ್ಟಿ ಬಿಟ್ಟು ಹೊರಟುಬಿಡುವ ಆಸೆಯ ಮೇಲಿನ ಹಾಡಿಗೆ ಇದಕ್ಕಿಂತ ತಕ್ಕ ಸಂಯೋಜನೆಯಿಲ್ಲವೆಂದರು. ನನಗೆ ಎರಡನೆಯವರ ಮಾತೇ ಸರಿಯೆನಿಸಿತು. ಆದರೆ ಸುತ್ತು ಮುಗಿಯುವವರೆಗೂ ನಡೆಸುವವರು ತಮ್ಮ ಅಂಕವನ್ನು ಬಾಯಿಬಿಡಬಾರದು.

‘ವೀನಸ್ ಆ್ಯಸ್ ಎ ಬಾಯ್’ ಹಾಡಿನ ವಿಷಯದಲ್ಲಿ ಜಗಳವೇ ಇರಲಿಲ್ಲ. ತಬಲಾ ನುಡಿಸಿದ ತಲ್ವಿನ್ ಸಿಂಗ್ ಅವರನ್ನು ಹಾಡು ಹಿಡಿಸದವರೂ ಹೊಗಳಿದರು. ‘ಹ್ಯೂಮನ್ ಬಿಹೇವಿಯರ್’ಗೆ ಬಂದ ಟಿಪ್ಪಣಿಗಳಲ್ಲಿ ಅರ್ಧಕ್ಕರ್ಧ ಮಿಶೆಲ್ ಗೊಂಡ್ರಿ ನಿರ್ದೇಶಿಸಿದ ವಿಡಿಯೊದ ಕರಡಿಯ ಬಗ್ಗೆಯೇ ಇದ್ದವು, ಅವನ್ನು ಬರೆದವರಿಗೆಲ್ಲ ಟಿಂಪನಿ ಎಂಬ ದೊಡ್ಡ ನಗಾರಿಯ ಆ ದಪ್ಪ ಹೆಜ್ಜೆಗಳ ಬಗ್ಗೆ ಏನನಿಸುತ್ತದೆ ಎಂದು ಮರುಪ್ರಶ್ನೆ ಹಾಕಬೇಕಾಯಿತು. ‘ಲೈಕ್ ಸಮ್‌ಒನ್ ಇನ್ ಲವ್’ 1940ರ ದಶಕದ ಹಳೆಯ ಹಾಡು. ಇಲ್ಲಿ ಕಾರ್ಕಿ ಹೇಲ್ ನುಡಿಸಿದ ಹಾರ್ಪ್ ಎಂಬ ತಂತಿವಾದ್ಯ ಬಿಟ್ಟರೆ ಬೇರೆ ವಾದ್ಯವಿಲ್ಲ. ಬೇರೆಯವರು ಬರೆದ ಹಾಡಿಗೆ ಬ್ಯೋರ್ಕ್ ಅವರ ಲೆಕ್ಕದಲ್ಲಿ ಅಂಕ ಹೇಗೆ ಎಂಬ ಆಕ್ಷೇಪ ಬಂತು. ಅಂಕ ಹಾಡಿಕೆಗೆ, ರಚನೆಗಷ್ಟೇ ಅಲ್ಲ ಎಂದು ಉತ್ತರಿಸಿದೆ. ಸ್ಯಾಕ್ಸೊಫೋನ್‌ಗಳಷ್ಟೇ ಜೊತೆಗಿರುವ ‘ದಿ ಆ್ಯಂಕರ್ ಸಾಂಗ್’ಗೆ ಕಡಿಮೆ ಅಂಕ ಕೊಟ್ಟವರ ಟಿಪ್ಪಣಿಗಳನ್ನು ಓದಿದಾಗ ಒಂದು ಸಂಗತಿ ಕಾಣಿಸಿತು. ಹೆಚ್ಚಿನವರು ಅದನ್ನು ಬಿಡಿಯಾಗಿ ಕೇಳಿದ್ದರು. ಉಳಿದ ಹತ್ತನ್ನೂ ಕೇಳಿ ಕೊನೆಗೆ ಅದಕ್ಕೆ ಬಂದವರು ಎರಡು, ಮೂರು ಅಂಕ ಜಾಸ್ತಿಯೇ ಕೊಟ್ಟಿದ್ದರು. ಹಾಗಾಗಿ ಈಗ ಆಲ್ಬಮ್ಮನ್ನು ಅನುಕ್ರಮದಲ್ಲಿಯೇ ಕೇಳಬೇಕೆಂದು ಮೊದಲ ಸಾಲಿನಲ್ಲೇ ಬರೆಯುತ್ತೇನೆ.

0 ಅಥವಾ 11 ಕೊಟ್ಟವರು ಕಾರಣ ಬರೆಯಲೇಬೇಕೆಂಬ ನಿಯಮದಿಂದ ಆದ ಲಾಭ ದೊಡ್ಡದು. ಸ್ಪರ್ಧಿ ಹಾಡನ್ನು ಕೆಳಗಿಳಿಸಲೆಂದೇ ಸೊನ್ನೆ ಹಾಕುವವರು ಕಾರಣ ಕೇಳಿದೊಡನೆ ಅದನ್ನು 4ಕ್ಕೆ ಏರಿಸಿ ಸುಮ್ಮನಾಗುತ್ತಾರೆ. ಫಲಿತಾಂಶ ಹೇಳುವಾಗ ಪ್ರತಿ ಹಾಡಿನ ಸರಾಸರಿಯ ಜೊತೆಗೆ ಅತಿ ಹೆಚ್ಚಿನ, ಅತಿ ಕಡಿಮೆ ಅಂಕಗಳನ್ನೂ, ಎರಡೂ ಬದಿಯ ಒಂದೊಂದು ಟಿಪ್ಪಣಿಯನ್ನೂ ಓದಿದೆ.

ಮುಂದಿನ ಸುತ್ತಿಗೆ 1995ರ ‘ಪೋಸ್ಟ್’ ಆರಿಸಿದ್ದೇನೆ. ಅದರಲ್ಲೂ ‘ಇಟ್ಸ್ ಓ ಸೋ ಕ್ವೈಟ್’ ಬೇರೆಯವರ ಹಳೆಯ ಹಾಡೇ ಆಗಿರುವುದರಿಂದ ಅದನ್ನು ಪಟ್ಟಿಯಿಂದ ತೆಗೆಯಬೇಕೆಂಬ ಒತ್ತಾಯ ಈಗಲೇ ಬಂದಿದೆ. ತೆಗೆಯುವುದಿಲ್ಲ ಎಂದು ತಿಳಿಸಿದ್ದೇನೆ.