ಹಿಮ್ಮಡಿ ನೋವಿಗೆ ನಾನು ಮಾಡಿದ್ದು: ಒಂದು ಟವೆಲ್, ಒಂದು ಮೆಟ್ಟಿಲು, ಎಂಟು ತಿಂಗಳು

ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಟ್ಟ ಕೂಡಲೇ ಹಿಮ್ಮಡಿಗೆ ಮೊಳೆ ಚುಚ್ಚಿದ ಹಾಗಾಗುತ್ತಿತ್ತು. ಗೋಡೆ ಹಿಡಿದುಕೊಂಡು, ತುದಿಗಾಲಲ್ಲಿ ಬಚ್ಚಲಿಗೆ ಹೋಗುತ್ತಿದ್ದೆ. ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುವಷ್ಟರಲ್ಲಿ ಸ್ವಲ್ಪ ಸಡಿಲವಾಗುತ್ತಿತ್ತು. ಶಾಲೆಯಲ್ಲಿ ಐದು ಪೀರಿಯಡ್ ನಿಂತು ಪಾಠ ಮಾಡಿ, ಸ್ಟಾಫ್ ರೂಮಿನಲ್ಲಿ ಕೂತು ಎದ್ದರೆ ಮತ್ತೆ ಅದೇ ನೋವು.

ಮೊದಲು ತೋರಿಸಿದ ಕಡೆ ಎಕ್ಸ್‌ರೇ ನೋಡಿ "ಮೂಳೆ ಬೆಳೆದಿದೆ" ಅಂದರು, ಅಷ್ಟೇ. ಆಪರೇಷನ್ ಆಗಬೇಕೇನೋ ಅಂತ ಮನೆಗೆ ಬಂದು ಅತ್ತಿದ್ದೆ. ಎರಡನೇ ಡಾಕ್ಟರು ಕೂರಿಸಿ ಹೇಳಿದರು. ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಮುಳ್ಳಿನ ಹಾಗೆ ಬೆಳೆದ ಆ ಮೂಳೆ ಕಾಣುತ್ತದಂತೆ. ನೋವು ಇರುವುದು ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಹೋಗುವ ದಪ್ಪ ನಾರಿನ ಪಟ್ಟಿಯಲ್ಲಿ. ಪ್ಲಾಂಟಾರ್ ಫೇಸಿಯೈಟಿಸ್ ಅನ್ನುವುದು ಇದಕ್ಕೇ. ಹತ್ತು ಜನರಲ್ಲಿ ಎಂಟೊಂಬತ್ತು ಜನಕ್ಕೆ ಆಪರೇಷನ್ ಇಲ್ಲದೆ ವಾಸಿಯಾಗುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ ಅಂದರು.

ನಮ್ಮ ಅತ್ತೆ ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕದ ಎಲೆ ಹಾಸಿ, "ಇಲ್ಲಿ ಒತ್ತಮ್ಮಾ" ಅಂತ ದಿನಾ ಸಂಜೆ ಕಾಯುತ್ತಿದ್ದರು. ಆ ಬಿಸಿಗೆ ಒಂದೆರಡು ಗಂಟೆ ಹಾಯೆನಿಸುತ್ತಿತ್ತು. ಬೆಳಿಗ್ಗೆ ಎದ್ದರೆ ಮತ್ತೆ ಮೊಳೆ. ಶುಗರ್ ಇದ್ದು ಪಾದದ ಸ್ಪರ್ಶ ಕಡಿಮೆಯಾದವರು ಮಾತ್ರ ಇಟ್ಟಿಗೆ ಸಹವಾಸಕ್ಕೆ ಹೋಗಬೇಡಿ, ಸುಟ್ಟಿದ್ದೇ ಗೊತ್ತಾಗುವುದಿಲ್ಲ. ಎಕ್ಕದ ಹಾಲು ಕಣ್ಣಿಗೆ ತಾಗಿದರೂ ಅಪಾಯ.

ನನ್ನ ಕಾಲು ಸುಧಾರಿಸಿದ್ದು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಎರಡು ಕೆಲಸದಿಂದ. ಮೊದಲನೆಯದು, ಕಾಲು ನೆಲಕ್ಕೆ ಇಡುವ ಮುಂಚೆ. ಮಂಚದ ಮೇಲೇ ಕೂತು, ನೋವಿರುವ ಕಾಲನ್ನು ಇನ್ನೊಂದು ತೊಡೆ ಮೇಲೆ ಹಾಕಿ, ಬೆರಳುಗಳನ್ನು ಮೊಣಕಾಲ ಕಡೆಗೆ ಎಳೆಯುವುದು. ಇನ್ನೊಂದು ಕೈಯ ಹೆಬ್ಬೆರಳಲ್ಲಿ ಅಂಗಾಲು ಮುಟ್ಟಿದರೆ ಪಟ್ಟಿ ತಂತಿಯ ಹಾಗೆ ಬಿಗಿಯಾಗಿದ್ದು ಸಿಗುತ್ತದೆ. ಹತ್ತು ಎಣಿಸಿ ಬಿಡಬೇಕು, ಹತ್ತು ಸಲ. ದಿನಕ್ಕೆ ಮೂರು ಹೊತ್ತು.

ಅದಾದ ಮೇಲೆ ಪಾದ ನೇರ ಚಪ್ಪಲಿಗೆ. ಗ್ರಾನೈಟ್ ನೆಲದ ಮೇಲೆ ಬರಿಗಾಲು ಬೇಡವೇ ಬೇಡ ಅಂದಿದ್ದರು. ಮನೆಯೊಳಗೆ ಚಪ್ಪಲಿ ಅಂದರೆ ನಮಗೆ ಕಷ್ಟ, ಅಲ್ವಾ? ಒಳಗೆ ಅಂತಲೇ ಬೇರೆ ಒಂದು ಜೊತೆ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ತಂದೆ. ದೇವರ ಕೋಣೆಗೆ ಮಾತ್ರ ಬಿಚ್ಚುತ್ತಿದ್ದೆ, ಅಲ್ಲಿ ದಪ್ಪ ಮ್ಯಾಟ್ ಹಾಕಿಕೊಂಡೆ.

ಎರಡನೆಯದು ಮೆಟ್ಟಿಲ ಕೆಲಸ. ಸಣ್ಣ ಟವೆಲನ್ನು ಗಟ್ಟಿಯಾಗಿ ಸುತ್ತಿ ಮೆಟ್ಟಿಲ ಅಂಚಿನ ಹತ್ತಿರ ಇಡಬೇಕು. ಕಾಲ್ಬೆರಳು ಅದರ ಮೇಲೆ ಏರಿ ಹಿಂದಕ್ಕೆ ಬಾಗಿರಬೇಕು, ಹಿಮ್ಮಡಿ ಹೊರಗೆ ಗಾಳಿಯಲ್ಲಿ. ರೇಲಿಂಗ್ ಹಿಡಿದು, ಮೂರು ಎಣಿಸುತ್ತಾ ಮೇಲೆ, ಎರಡು ಎಣಿಸುವಷ್ಟು ಅಲ್ಲೇ, ಮತ್ತೆ ಮೂರು ಎಣಿಸುತ್ತಾ ಕೆಳಗೆ. ಒಂದು ಸುತ್ತಿಗೆ 12 ಸಲ. ದಿನ ಬಿಟ್ಟು ದಿನ. ಅವಸರ ಮಾಡಿದರೆ ಏನೂ ಪ್ರಯೋಜನವಿಲ್ಲ, ನಿಧಾನವೇ ಇದರ ಜೀವಾಳ. ಶುರುವಿನಲ್ಲಿ ಎರಡೂ ಕಾಲಲ್ಲಿ ಮಾಡಿದೆ, ಆಮೇಲೆ ಒಂದೇ ಕಾಲು. ಕೊನೆಕೊನೆಗೆ ಮಗನ ಸ್ಕೂಲ್ ಬ್ಯಾಗಿಗೆ ಪುಸ್ತಕ ತುಂಬಿ ಬೆನ್ನಿಗೆ ಹಾಕಿಕೊಳ್ಳುತ್ತಿದ್ದೆ. ಮೊದಲ ವಾರ ನೋವು ಜಾಸ್ತಿಯಾಗಿ ಹೆದರಿದ್ದೆ. "ಮರುದಿನ ಬೆಳಿಗ್ಗೆಗೆ ಮೊದಲಿನಷ್ಟಕ್ಕೆ ಇಳಿದರೆ ಮುಂದುವರಿಸಿ ಮೇಡಂ" ಅಂದರು ಫಿಸಿಯೋಥೆರಪಿಸ್ಟ್. ಇಳಿಯುತ್ತಿತ್ತು.

ಒಂದು ತಿಂಗಳು ಏನೂ ವ್ಯತ್ಯಾಸವಿಲ್ಲ. ಬಹಳ ಜನ ಬಿಟ್ಟುಬಿಡುವುದು ಇಲ್ಲೇ. ಮೂರನೇ ತಿಂಗಳಲ್ಲಿ ಒಂದು ದಿನ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಿದ್ದೆ, ಹಲ್ಲುಜ್ಜುವಾಗ ಹೊಳೆಯಿತು.

ಸ್ಟೆರಾಯ್ಡ್ ಇಂಜೆಕ್ಷನ್ ಬಗ್ಗೆಯೂ ಡಾಕ್ಟರನ್ನು ಕೇಳಿದ್ದೆ. ಕೆಲವು ವಾರ ನೋವು ತಗ್ಗುತ್ತದೆ, ಪದೇ ಪದೇ ಕೊಟ್ಟರೆ ಪಟ್ಟಿ ಹರಿಯಬಹುದು, ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳುವಾಗಬಹುದು ಅಂದರು. ನಾನು ಬೇಡವೆಂದೆ. ಆರು ತಿಂಗಳಾದರೂ ನೋವು ಬಗ್ಗದಿದ್ದರೆ ಶಾಕ್ ವೇವ್ ಚಿಕಿತ್ಸೆ (ಯಂತ್ರದಿಂದ ಹಿಮ್ಮಡಿಗೆ ಒತ್ತಡದ ಅಲೆ ಹಾಯಿಸುವುದು) ಇದೆ, ವಾರಕ್ಕೊಂದರಂತೆ ಮೂರರಿಂದ ಐದು ಸಲ. ನನಗೆ ಅದರ ಅಗತ್ಯ ಬೀಳಲಿಲ್ಲ.

ಪಾದ ಮರಗಟ್ಟುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಊತ ಅಥವಾ ಜ್ವರ ಇದ್ದರೆ ಇದನ್ನೆಲ್ಲ ಸುಮ್ನೆ ಮಾಡುತ್ತಾ ಕೂರಬೇಡಿ, ಮೊದಲು ಡಾಕ್ಟರಿಗೆ ತೋರಿಸಿ. ಚಿಕ್ಕ ವಯಸ್ಸಿನವರಿಗೆ ಎರಡೂ ಹಿಮ್ಮಡಿ ನೋವಿನ ಜೊತೆ ಬೆಳಿಗ್ಗೆ ಸೊಂಟವೂ ಹಿಡಿದುಕೊಳ್ಳುತ್ತಿದ್ದರೆ ಅದು ಬೇರೆ ಥರದ ಸಂಧಿವಾತ ಇರಬಹುದು.

ಜುಲೈನಲ್ಲಿ ಶುರು ಮಾಡಿದ್ದು. ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಡ್ಯೂಟಿ ಬಿತ್ತು. ಮೂರು ಗಂಟೆ ನಿಂತೆ, ಸಾಲುಗಳ ನಡುವೆ ಓಡಾಡಿದೆ. ಮರುದಿನ ಬೆಳಿಗ್ಗೆ ಹೆದರಿಕೊಂಡೇ ಕಾಲು ಕೆಳಗಿಟ್ಟೆ. ನೋಯಲಿಲ್ಲ.